ಬ್ಯಾಂಕಿನ ಮೂರು ಪ್ರಶ್ನೆ, ಒಂದು ರೀಲಿಂಗ್ ಘಟಕ: ರೇಷ್ಮೆ ಉದ್ಯಮದ ಮಾಹಿತಿ ಹುಡುಕಿದ ಪ್ರಕರಣ

ಶಿಡ್ಲಘಟ್ಟದ ಕಡೆಯ ಯುವಕ. ಮನೆಯ ಕಸುಬು ರೀಲಿಂಗ್, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವುದು. ತಾತನ ಕಾಲದಲ್ಲಿ ಮನೆಯಲ್ಲಿದ್ದದ್ದು ಚರಕ, ಅಪ್ಪನ ಕಾಲಕ್ಕೆ ಬಂದದ್ದು ಹಲವು ಎಳೆಗಳನ್ನು ಒಟ್ಟಿಗೆ ತೆಗೆಯುವ ಮಲ್ಟಿ ಎಂಡ್ ಬೇಸಿನ್. ಇವನಿಗೆ 400 ಎಂಡ್‌ಗಳ, ಅಂದರೆ ಒಟ್ಟಿಗೆ 400 ಎಳೆ ತೆಗೆಯುವ, ಸ್ವಯಂಚಾಲಿತ ರೀಲಿಂಗ್ ಯಂತ್ರ ಹಾಕುವ ಆಸೆ. ಅಲ್ಲಿನವರು ಅದನ್ನು ಎಆರ್‌ಎಂ ಎಂದೇ ಕರೆಯುತ್ತಾರೆ. ಸಾಲಕ್ಕೆಂದು ಬ್ಯಾಂಕಿಗೆ ಕೊಟ್ಟ ಯೋಜನಾ ವರದಿ ವಾಪಸ್ ಬಂದಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಮೂರು ಪ್ರಶ್ನೆ: ಇಷ್ಟು ಗೂಡು ವರ್ಷವಿಡೀ ಎಲ್ಲಿಂದ, ಯಾವ ದರಕ್ಕೆ ಸಿಗುತ್ತದೆ? ನೂಲನ್ನು ಕೊಳ್ಳುವವರು ಯಾರು? ಚೀನಾ ರೇಷ್ಮೆ ಅಗ್ಗವಾದರೆ ನಿಮ್ಮ ಗತಿ ಏನು?

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಕಾಲೇಜು ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ. ಈತ ನಮ್ಮ ಹಳೆಯ ವಿದ್ಯಾರ್ಥಿ. ವಾಪಸ್ ಬಂದ ವರದಿಯನ್ನು ತಿರುವಿ ನೋಡಿದೆ. ಬರೆದುಕೊಟ್ಟವರು ಯಾರೋ ಸಲಹೆಗಾರರು. ‘ಮಾರುಕಟ್ಟೆ ವಿಶ್ಲೇಷಣೆ’ ಎಂಬ ಅಧ್ಯಾಯದಲ್ಲಿದ್ದದ್ದು ಜಾಗತಿಕ ರೇಷ್ಮೆ ಮಾರುಕಟ್ಟೆ ಇಷ್ಟು ಶತಕೋಟಿ ಡಾಲರ್, ವರ್ಷಕ್ಕೆ ಇಷ್ಟು ಶೇಕಡಾ ಬೆಳೆಯುತ್ತದೆ ಎಂಬ ಎರಡು ಪ್ಯಾರಾ, ಒಂದು ಬಣ್ಣದ ಚಿತ್ರ. ಡಾಲರ್ ಲೆಕ್ಕದಲ್ಲಿ ವರದಿ ಮಾರುವ ಕಂಪನಿಯೊಂದರ ಉಚಿತ ಮಾದರಿ ಪುಟದಿಂದ ಎತ್ತಿದ್ದು. ಇಂಥ ಕಂಪನಿಗಳು ಹತ್ತಾರಿವೆ, ಒಂದರ ಅಂಕಿಗೂ ಇನ್ನೊಂದರ ಅಂಕಿಗೂ ತಾಳೆಯಿಲ್ಲ. ಲೆಕ್ಕ ಹಾಕಿದ್ದು ಹೇಗೆ ಎಂದು ಯಾರೂ ಹೇಳುವುದಿಲ್ಲ. ಶಿಡ್ಲಘಟ್ಟದಲ್ಲಿ ನಾಳೆ ಬೆಳಿಗ್ಗೆ ಗೂಡು ಎಷ್ಟಕ್ಕೆ ಹೋಗುತ್ತದೆ ಎಂಬುದಕ್ಕೆ ಆ ಡಾಲರ್ ಲೆಕ್ಕದಿಂದ ಉತ್ತರ ಬರುವುದೂ ಇಲ್ಲ. ಆ ಅಧ್ಯಾಯವನ್ನು ಪೂರ್ತಿ ಕಿತ್ತುಹಾಕಿಸಿದೆ.

ಉದ್ಯಮದ ಮಾಹಿತಿ ಹುಡುಕಲು ಬರುವವರು ಸಾಮಾನ್ಯವಾಗಿ ಕೇಳುವುದು ‘ಯಾವ ವೆಬ್‌ಸೈಟ್ ನೋಡಲಿ, ಸಾರ್?’ ಎಂದು. ನಾನು ತಿರುಗಿ ಕೇಳುವುದು ಬೇರೆ: ಈ ಸರಕನ್ನು ಎಣಿಸಲೇಬೇಕಾದ ಕಟ್ಟುಪಾಡು ಯಾರಿಗಿದೆ? ಯಾರೋ ಒಬ್ಬರು ಕಾನೂನಿನ ಪ್ರಕಾರವೋ ಸುಂಕಕ್ಕಾಗಿಯೋ ಸಬ್ಸಿಡಿಗಾಗಿಯೋ ಎಣಿಸಿರುತ್ತಾರೆ. ಅಂಕಿ ಅವರ ಹತ್ತಿರ ಇರುತ್ತದೆ. ಅವರಿಗೆ ಎಣಿಸುವ ಅಗತ್ಯವಿಲ್ಲದ್ದು ಅವರ ಪುಸ್ತಕದಲ್ಲಿ ಇರುವುದಿಲ್ಲ. ಇಡೀ ಹುಡುಕಾಟವನ್ನು ಇದರ ಮೇಲೆಯೇ ಕಟ್ಟಿದೆವು.

ಯಾರು ಎಣಿಸುತ್ತಾರೆ, ಯಾರು ಎಣಿಸುವುದಿಲ್ಲ

ಕಾರ್ಖಾನೆಗಳ ಲೆಕ್ಕ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವಾರ್ಷಿಕ ಕೈಗಾರಿಕಾ ಸಮೀಕ್ಷೆ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಉದ್ಯಮಗಳನ್ನು ಹುಡುಕಬೇಕಾದದ್ದು ಹೆಸರಿನಿಂದಲ್ಲ, ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಸಂಕೇತದಿಂದ. 2008ರ ವರ್ಗೀಕರಣದಲ್ಲಿ ರೇಷ್ಮೆ ನಾರಿನ ತಯಾರಿ ಮತ್ತು ನೂಲುವಿಕೆಗೆ 13112, ರೇಷ್ಮೆ ಬಟ್ಟೆ ನೇಯ್ಗೆಗೆ 13122. ಹುಳು ಸಾಕಣೆ ಕೈಗಾರಿಕೆಯೇ ಅಲ್ಲ, ಅದು ಕೃಷಿಯ ಕೆಳಗೆ 0149ರ ಗುಂಪಿನಲ್ಲಿದೆ. ಒಂದೇ ಎಳೆಯ ಉದ್ಯಮ ಮೂರು ಕಡೆ ಹರಿದುಹೋಗಿದೆ.

ಸಂಕೇತ ಸಿಕ್ಕಿತು ಎಂದು ಹುಡುಗ ಖುಷಿಯಾದ. ಆದರೆ ನಾವು ನೋಡಿದ ವರ್ಷಗಳಲ್ಲಿ ಈ ಸಮೀಕ್ಷೆ ಒಳಗೊಂಡಿದ್ದದ್ದು ಮುಖ್ಯವಾಗಿ 1948ರ ಕಾರ್ಖಾನೆ ಕಾಯ್ದೆಯಡಿ ನೋಂದಾಯಿತ ಘಟಕಗಳನ್ನು, ಅಂದರೆ ವಿದ್ಯುತ್ ಬಳಸಿದರೆ ಹತ್ತು, ಬಳಸದಿದ್ದರೆ ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಳನ್ನು. ಇವನ ಅಪ್ಪನ ಬೇಸಿನ್ ಘಟಕ ಆ ಜರಡಿಯಲ್ಲಿ ನಿಲ್ಲುವುದಿಲ್ಲ. ಬೀದಿಯ ಹೆಚ್ಚಿನ ಚರಕಗಳೂ ಅಷ್ಟೇ. ಹಾಗಾಗಿ 13112ರ ಕೆಳಗೆ ಕರ್ನಾಟಕಕ್ಕೆ ಸಿಗುವ ಘಟಕಗಳ ಸಂಖ್ಯೆಯನ್ನು ‘ರಾಜ್ಯದಲ್ಲಿರುವ ರೀಲಿಂಗ್ ಘಟಕಗಳು’ ಎಂದು ಬರೆದರೆ ಶಿಡ್ಲಘಟ್ಟದವರು ನಗುತ್ತಾರೆ. ಸಣ್ಣ ಘಟಕಗಳಿಗಾಗಿ ಅದೇ ಸಚಿವಾಲಯ ಅಸಂಘಟಿತ ವಲಯದ ಉದ್ದಿಮೆಗಳ ವಾರ್ಷಿಕ ಸಮೀಕ್ಷೆ ನಡೆಸುತ್ತದೆ. ಅದು ಮಾದರಿ ಸಮೀಕ್ಷೆ. ಒಂದು ತಾಲ್ಲೂಕಿನ ಒಂದು ಕಸುಬಿನ ಮಟ್ಟಕ್ಕೆ ಇಳಿದರೆ ಕೈಗೆ ಸಿಗುವ ಘಟಕಗಳು ತೀರಾ ಕಡಿಮೆ.

ಜಿಎಸ್‌ಟಿ ದಾಖಲೆ? 2017ರಲ್ಲಿ ಜಿಎಸ್‌ಟಿ ಬಂದಾಗ ಗೂಡು, ಕಚ್ಚಾ ರೇಷ್ಮೆ, ರೇಷ್ಮೆ ತ್ಯಾಜ್ಯ ಮೂರೂ ವಿನಾಯಿತಿ ಪಟ್ಟಿಗೆ ಸೇರಿದವು. ತೆರಿಗೆ ಇಲ್ಲದ ಕಡೆ ತೆರಿಗೆಯ ಜಾಡೂ ಇಲ್ಲ. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಸ್ವಯಂಘೋಷಣೆಯದು, ಅಗತ್ಯ ಬಿದ್ದವರು ಮಾಡಿಸಿರುತ್ತಾರೆ. ಕಂಪನಿಗಳ ಲೆಕ್ಕಪತ್ರಗಳಿರುವ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ತಾಣದಲ್ಲಿ ನೂರು ರೂಪಾಯಿ ಶುಲ್ಕ ಕಟ್ಟಿ ಯಾವ ಕಂಪನಿಯ ಕಡತವನ್ನಾದರೂ ನೋಡಬಹುದು. ಆದರೆ ರೀಲರುಗಳಲ್ಲಿ ಹೆಚ್ಚಿನವರು ಕಂಪನಿಗಳಲ್ಲ. ಬಿಸಿನೆಸ್ ಶಾಲೆಗಳ ಗ್ರಂಥಾಲಯಗಳಲ್ಲಿ ಚಂದಾ ಕಟ್ಟಿ ಇಟ್ಟಿರುವ, ಕಂಪನಿಗಳ ಹಣಕಾಸು ವಿವರವಿರುವ ಪ್ರೋವೆಸ್‌ನಂಥ ದತ್ತಾಂಶ ಕೋಶಗಳ ಕತೆಯೂ ಇದೇ. ಸಿಮೆಂಟ್, ಔಷಧ, ಉಕ್ಕು ಎಂದರೆ ಅವು ಚಿನ್ನದ ಗಣಿ. ಚರಕದ ಉದ್ಯಮಕ್ಕೆ ಖಾಲಿ ಪರದೆ.

ಹಾಗಾದರೆ ರೀಲರನ್ನು ಎಣಿಸಲೇಬೇಕಾದವರು ಯಾರು? ಉತ್ತರ ಇದ್ದದ್ದು 1959ರ ಒಂದು ರಾಜ್ಯ ಕಾಯ್ದೆಯಲ್ಲಿ. ರೇಷ್ಮೆ ಹುಳುವಿನ ಮೊಟ್ಟೆ, ಗೂಡು ಮತ್ತು ನೂಲಿನ ಉತ್ಪಾದನೆ, ಸರಬರಾಜು, ಮಾರಾಟವನ್ನು ನಿಯಂತ್ರಿಸುವ ಕಾಯ್ದೆ ಅದು. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗಬೇಕು, ಕೊಳ್ಳುವ ರೀಲರ್ ಪರವಾನಗಿ ಹೊಂದಿರಬೇಕು ಎನ್ನುವ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಅಂದಮೇಲೆ ಯಾವ ಊರಿನಲ್ಲಿ ಎಷ್ಟು ಚರಕ, ಎಷ್ಟು ಕಾಟೇಜ್ ಬೇಸಿನ್, ಎಷ್ಟು ಮಲ್ಟಿ ಎಂಡ್, ಎಷ್ಟು ಎಆರ್‌ಎಂ ಎಂಬುದಕ್ಕೆ ಪರವಾನಗಿ ಪುಸ್ತಕವೇ ಆಧಾರ. ದಿನದಿನದ ಹರಾಜಿನ ಲೆಕ್ಕವೂ ಅಲ್ಲೇ. ಈ ಹುಡುಗನ ಮನೆಯಲ್ಲೇ ಪರವಾನಗಿ ಇತ್ತು, ಗೋಡೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದು ಒಂದು ದತ್ತಾಂಶ ಕೋಶದ ಸಾಲು ಎಂದು ಯಾರಿಗೂ ಹೊಳೆದಿರಲಿಲ್ಲ.

ಗೂಡಿನ ದರ

ಮೊದಲ ಪ್ರಶ್ನೆಗೆ ಬೇಕಾದದ್ದು ಗೂಡಿನ ದರದ ಕೆಲವು ವರ್ಷಗಳ ಸರಣಿ. ರಾಜ್ಯ ರೇಷ್ಮೆ ಇಲಾಖೆ ಮಾರುಕಟ್ಟೆವಾರು ದಿನದ ದರ ಪ್ರಕಟಿಸುತ್ತದೆ: ರಾಮನಗರ, ಶಿಡ್ಲಘಟ್ಟ, ವಿಜಯಪುರ (ದೇವನಹಳ್ಳಿ ತಾಲ್ಲೂಕಿನದು, ಉತ್ತರ ಕರ್ನಾಟಕದ್ದಲ್ಲ), ಕೊಳ್ಳೇಗಾಲ ಇತ್ಯಾದಿ. ಹುಳುವಿನ ತಳಿಯ ಪ್ರಕಾರ ಗೂಡಿನಲ್ಲಿ ಮಿಶ್ರತಳಿ, ದ್ವಿತಳಿ ಎಂಬ ಎರಡು ಬಗೆ, ಅವುಗಳ ದರ ಬೇರೆ ಬೇರೆ. ಎಷ್ಟು ಲಾಟು, ಎಷ್ಟು ಕಿಲೋ, ಕನಿಷ್ಠ, ಗರಿಷ್ಠ, ಸರಾಸರಿ.

ಇಲ್ಲಿ ಎರಡು ಗುಂಡಿಗಳಿವೆ, ಯೋಜನಾ ವರದಿ ಬರೆಯುವವರು ತಪ್ಪದೆ ಬೀಳುತ್ತಾರೆ.

ಒಂದು, ಸರಾಸರಿಗಳ ಸರಾಸರಿ. ಒಂದು ಸಣ್ಣ ಮಾರುಕಟ್ಟೆಗೆ 200 ಕಿಲೋ ಬಂದು 700 ರೂಪಾಯಿಗೆ ಹೋಯಿತು, ದೊಡ್ಡದಕ್ಕೆ 20,000 ಕಿಲೋ ಬಂದು 550ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿ ಅರ್ಧ ಮಾಡಿದರೆ 625. ತೂಕ ಸೇರಿಸಿ ಲೆಕ್ಕ ಹಾಕಿದರೆ 551ರ ಆಸುಪಾಸು. ಎಪ್ಪತ್ತು ರೂಪಾಯಿಗೂ ಹೆಚ್ಚು ಅಂತರ. ರೀಲರನಿಗೆ ಅದು ಸಾಯುವ ಬದುಕುವ ಪ್ರಶ್ನೆ.

ಎರಡು, ಮಾರುಕಟ್ಟೆಗೆ ಬಂದ ಗೂಡೆಲ್ಲ ಆ ಜಿಲ್ಲೆಯದ್ದಲ್ಲ. ರಾಮನಗರಕ್ಕೆ ತಮಿಳುನಾಡು, ಆಂಧ್ರ, ತೆಲಂಗಾಣಗಳಿಂದಲೂ ಬೆಳೆಗಾರರು ಗೂಡು ತರುತ್ತಾರೆ. ಆವಕವನ್ನು ಉತ್ಪಾದನೆ ಎಂದು ಓದಬಾರದು. ಆದರೆ ಬ್ಯಾಂಕಿನ ಪ್ರಶ್ನೆ ‘ಗೂಡು ಎಲ್ಲಿಂದ’ ಎಂದಿದ್ದರಿಂದ ನಮಗೆ ಬೇಕಾದದ್ದು ಆವಕವೇ, ಅದರಲ್ಲೂ ದ್ವಿತಳಿಯ ಆವಕ. ಎಆರ್‌ಎಂ ಸರಿಯಾಗಿ ಓಡುವುದು ಒಂದೇ ಸಮನಾದ ಬಿಳಿ ದ್ವಿತಳಿ ಗೂಡಿನ ಮೇಲೆ. ಹಳದಿ ಬಣ್ಣದ ಮಿಶ್ರತಳಿ ಗೂಡು ಬೇಸಿನ್ನಿಗೆ ಒಗ್ಗಿದಷ್ಟು ಇದಕ್ಕೆ ಒಗ್ಗುವುದಿಲ್ಲ. ಹಳೆಯ ವರದಿಯಲ್ಲಿ ಎರಡನ್ನೂ ಕೂಡಿ ‘ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ಸಮೃದ್ಧವಾಗಿದೆ’ ಎಂದು ಬರೆದಿತ್ತು. ದ್ವಿತಳಿಯನ್ನು ಬೇರ್ಪಡಿಸಿ ತಿಂಗಳವಾರು ಹಾಕಿದಾಗ ಕಂಡ ಚಿತ್ರ ಬೇರೆ. ಯಾವ ತಿಂಗಳಲ್ಲಿ ತನ್ನ ಯಂತ್ರಕ್ಕಾಗಿ ರಾಮನಗರದ ಹರಾಜುಕಟ್ಟೆಗೂ ಹೋಗಬೇಕಾಗುತ್ತದೆ ಎಂದು ಆತನೇ ಬೆರಳಿಟ್ಟು ತೋರಿಸಿದ.

ಜಾಲತಾಣದಲ್ಲಿ ಸಿಗದ ಹಿಂದಿನ ವರ್ಷಗಳಿಗೆ ಎರಡು ದಾರಿ ಹಿಡಿದೆವು. ಸರ್ಕಾರಿ ತಾಣಗಳು ಹೊಸ ವಿನ್ಯಾಸಕ್ಕೆ ಬದಲಾದಾಗ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ಅಂಥ ಪುಟಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಹಾಕಿದರೆ ಎಷ್ಟೋ ಸಲ ಹಳೆಯ ಪ್ರತಿ ಸಿಗುತ್ತದೆ. ಸಿಗದಿದ್ದಕ್ಕೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ. ಅರ್ಜಿ ಬರೆಯುವಾಗ ‘ರೇಷ್ಮೆ ಮಾರುಕಟ್ಟೆಯ ಬಗ್ಗೆ ಮಾಹಿತಿ ಕೊಡಿ’ ಎಂದರೆ ಬರುವುದು ಒಂದು ಸಾಲಿನ ಉತ್ತರ. ಮಾರುಕಟ್ಟೆಯ ಹೆಸರು, ತಳಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕಾಲಂಗಳು ಎಂದು ಖಾಲಿ ಪಟ್ಟಿಯನ್ನೇ ಗೀಟು ಹಾಕಿ ಲಗತ್ತಿಸಿದರೆ ತುಂಬಿ ಕಳುಹಿಸುವವರಿಗೂ ಸುಲಭ. ಇದು ನಾನು ಎಲ್ಲರಿಗೂ ಹೇಳುವ ಮಾತು, ಕೇಳುವವರು ಕಡಿಮೆ.

ಮಡಿವಾಳದ ಗ್ರಂಥಾಲಯ

ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲೇ, ಮಡಿವಾಳ-ಬಿಟಿಎಂ ಬಡಾವಣೆಯ ಹೊಸೂರು ರಸ್ತೆಯ ಮಗ್ಗುಲಲ್ಲಿ. ಸಿಲ್ಕ್ ಬೋರ್ಡ್ ಎಂದರೆ ನಗರದವರಿಗೆ ನೆನಪಾಗುವುದು ವಾಹನ ದಟ್ಟಣೆ. ಆ ಜಂಕ್ಷನ್‌ಗೆ ಹೆಸರು ಕೊಟ್ಟ ಸಂಸ್ಥೆ 1948ರ ಕಾಯ್ದೆಯಿಂದ ಹುಟ್ಟಿ ಇವತ್ತಿಗೂ ದೇಶದ ರೇಷ್ಮೆಯನ್ನು ಎಣಿಸುತ್ತಿದೆ ಎಂಬುದು ಅಲ್ಲಿ ಸಿಗ್ನಲ್ಲಿಗೆ ಕಾಯುವ ಎಷ್ಟು ಜನಕ್ಕೆ ಗೊತ್ತೋ! ಮಂಡಳಿಯ ವಾರ್ಷಿಕ ವರದಿಗಳೂ, ದೇಶದ ರೇಷ್ಮೆ ಉದ್ಯಮದ ಸ್ಥಿತಿಗತಿ ಕುರಿತು ಆಗಾಗ ಪರಿಷ್ಕರಿಸುವ ಟಿಪ್ಪಣಿಯೂ ಅದರ ತಾಣದಲ್ಲಿವೆ. ರೀಲಿಂಗ್ ತಂತ್ರಜ್ಞಾನದ ಮೇಲೆ ಕೆಲಸ ಮಾಡುವ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಅಲ್ಲೇ. ಹಿಪ್ಪುನೇರಳೆ ಮತ್ತು ಹುಳುವಿನ ಸಂಶೋಧನೆಗೆ ಮೈಸೂರಿನ ಸಂಸ್ಥೆ, ರಾಜ್ಯ ಸರ್ಕಾರದ ಸಂಶೋಧನಾ ಸಂಸ್ಥೆ ಇರುವುದು ತಲಘಟ್ಟಪುರದಲ್ಲಿ.

ಇಂಥ ಸಂಸ್ಥೆಗಳ ಗ್ರಂಥಾಲಯಕ್ಕೆ ಹೊರಗಿನವರು ಹೋಗಬೇಕೆಂದರೆ ಕಾಲೇಜಿನದೋ ಸಂಸ್ಥೆಯದೋ ಒಂದು ಪತ್ರ ಕೈಯಲ್ಲಿರುವುದು ಒಳ್ಳೆಯದು. ನಾನು ಪತ್ರ ಬರೆದುಕೊಟ್ಟೆ. ಪತ್ರದಲ್ಲಿ ಓದಬೇಕಾದ ವಿಷಯವನ್ನು ಸ್ಪಷ್ಟವಾಗಿ ಬರೆದಿದ್ದರೆ ಅಲ್ಲಿನ ಗ್ರಂಥಪಾಲಕರು ಕಪಾಟಿನವರೆಗೆ ಕರೆದುಕೊಂಡು ಹೋಗುತ್ತಾರೆ. ಮುದ್ರಿತ ತಾಂತ್ರಿಕ ವರದಿಗಳು, ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳು, ಮಂಡಳಿಯ ನಿಯತಕಾಲಿಕದ ಹಳೆಯ ಸಂಚಿಕೆಗಳು ಯಾವ ಸರ್ಚ್ ಎಂಜಿನ್ನಿಗೂ ಸಿಗದೆ ಅಲ್ಲಿ ಕೂತಿರುತ್ತವೆ.

ಅಂಕಿಗೆ ಬರೋಣ. ಮಂಡಳಿಯ ಲೆಕ್ಕದಲ್ಲಿ ದೇಶದ ಕಚ್ಚಾ ರೇಷ್ಮೆ ಉತ್ಪಾದನೆ 2017-18ರಲ್ಲಿ 31,906 ಟನ್, 2023-24ರಲ್ಲಿ 38,913 ಟನ್. ಪತ್ರಿಕೆಯ ತಲೆಬರಹ ಇಲ್ಲಿಗೆ ನಿಲ್ಲುತ್ತದೆ. ಒಳಗೆ ಬಿಡಿಸಿದರೆ ಹಿಪ್ಪುನೇರಳೆ ರೇಷ್ಮೆ 22,066ರಿಂದ 29,892 ಟನ್ನಿಗೆ ಏರಿದೆ. ಉಳಿದ ಟಸ್ಸಾರ್, ಎರಿ, ಮೂಗಾ ಸೇರಿದ ವನ್ಯ ರೇಷ್ಮೆ 9,840ರಿಂದ 9,021ಕ್ಕೆ ಇಳಿದಿದೆ. ಅಂದರೆ ಒಟ್ಟು ಬೆಳವಣಿಗೆಗಿಂತ ಹಿಪ್ಪುನೇರಳೆಯ ಬೆಳವಣಿಗೆಯೇ ದೊಡ್ಡದು. ನಮ್ಮ ಹುಡುಗನಿಗೆ ಬೇಕಾದದ್ದು ಈ ಹಿಪ್ಪುನೇರಳೆಯ ಸಾಲು ಮಾತ್ರ, ಅದು ಒಟ್ಟು ಅಂಕಿಗಿಂತ ಅವನಿಗೆ ಅನುಕೂಲಕರವೂ ಆಗಿತ್ತು.

ಕರ್ನಾಟಕದ ಪಾಲು ಎಷ್ಟು ಎಂಬುದರಲ್ಲೂ ಇದೇ ಗೊಂದಲ. ಒಂದು ಕಡೆ ‘ಸುಮಾರು ಮೂರನೇ ಒಂದು’ ಎಂದಿತ್ತು, ಇನ್ನೊಂದು ಕಡೆ ‘ಶೇ 40ಕ್ಕಿಂತ ಹೆಚ್ಚು’. ಯಾವುದು ಸುಳ್ಳು ಎಂದು ಕೇಳಿದ. ಎರಡೂ ನಿಜವೇ. 2022-23ರಲ್ಲಿ ರಾಜ್ಯದ ಉತ್ಪಾದನೆ 11,823 ಟನ್. ದೇಶದ ಎಲ್ಲ ಬಗೆಯ ರೇಷ್ಮೆ 36,582 ಟನ್ನಿಗೆ ಹೋಲಿಸಿದರೆ ಶೇ 32, ಹಿಪ್ಪುನೇರಳೆ ರೇಷ್ಮೆ 27,654 ಟನ್ನಿಗೆ ಹೋಲಿಸಿದರೆ ಶೇ 43ರ ಹತ್ತಿರ. ಶೇಕಡಾವಾರು ಕಂಡಾಗಲೆಲ್ಲ ‘ಯಾವುದರಲ್ಲಿ ಶೇಕಡಾ?’ ಎಂದು ಪಕ್ಕದಲ್ಲಿ ಬರೆದುಕೊಳ್ಳಲು ಹೇಳಿದೆ.

ಸಂಸತ್ತಿನ ಪ್ರಶ್ನೋತ್ತರಗಳೂ ಇದೇ ಅಂಕಿಗಳಿಗೆ ಒಳ್ಳೆಯ ದಾರಿ. ಕರ್ನಾಟಕದ ಸಂಸದರು ರೇಷ್ಮೆಯ ಬಗ್ಗೆ ಕೇಳುತ್ತಲೇ ಇರುತ್ತಾರೆ, ಜವಳಿ ಸಚಿವಾಲಯ ಉತ್ತರದ ಜೊತೆಗೆ ರಾಜ್ಯವಾರು ಅನುಬಂಧ ಕೊಡುತ್ತದೆ. ಲೋಕಸಭೆಯ ತಾಣದಲ್ಲಿ ಸಚಿವಾಲಯದ ಹೆಸರನ್ನೂ ಒಂದು ಪದವನ್ನೂ ಕೊಟ್ಟು ಹುಡುಕಿದರೆ ಸಾಕು. ವಾರ್ಷಿಕ ವರದಿ ಇನ್ನೂ ಅಚ್ಚಾಗದಿರುವಾಗಲೂ ಅನುಬಂಧದಲ್ಲಿ ಹೊಸ ಅಂಕಿ ಸಿಗುವುದುಂಟು. ರೇಷ್ಮೆ ಅಭಿವೃದ್ಧಿಗಾಗಿ ಕೇಂದ್ರ ಸರ್ಕಾರ ತಂದ ಸಿಲ್ಕ್ ಸಮಗ್ರ-2 ಯೋಜನೆಯ ವಿವರ, ಅಂದರೆ 2021-22ರಿಂದ 2025-26ರವರೆಗೆ 4,679.86 ಕೋಟಿ ರೂಪಾಯಿ ಎಂಬುದನ್ನು ನಾವು ದೃಢಪಡಿಸಿಕೊಂಡದ್ದು ಇಂಥ ಸರ್ಕಾರಿ ಪ್ರಕಟಣೆಗಳಿಂದ.

ನೂಲು ಕೊಳ್ಳುವವರು

ಎರಡನೇ ಪ್ರಶ್ನೆಗೆ ಆನ್‌ಲೈನಿನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಸಿಕ್ಕಿದ್ದು ಪಿಎಚ್‌ಡಿ ಪ್ರಬಂಧಗಳಲ್ಲಿ. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುವ ಗಾಂಧಿನಗರದ (ಗುಜರಾತ್) ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತ. ಕೃಷಿ ವಿಶ್ವವಿದ್ಯಾಲಯಗಳದು, ಬೆಂಗಳೂರಿನ ಜಿಕೆವಿಕೆಯ ಪ್ರಬಂಧಗಳೂ ಸೇರಿ, ಕೃಷಿಕೋಶ ಎಂಬ ಪ್ರತ್ಯೇಕ ಭಂಡಾರದಲ್ಲಿವೆ. ಒಂದನ್ನು ನೋಡಿ ಇನ್ನೊಂದನ್ನು ಬಿಡುವವರೇ ಹೆಚ್ಚು. ಪ್ರಬಂಧಗಳ ಮೊದಲ ಮೂರು ಅಧ್ಯಾಯ ದಾಟಿಸಿ ನೇರವಾಗಿ ಕ್ಷೇತ್ರಕಾರ್ಯದ ಕೋಷ್ಟಕಗಳಿಗೆ ಹೋಗಬೇಕು. ಒಂದು ಕಿಲೋ ನೂಲಿಗೆ ಕೂಲಿ ಎಷ್ಟು, ಸೌದೆ ಎಷ್ಟು, ವಿದ್ಯುತ್ ಎಷ್ಟು, ಪ್ಯೂಪಾ (ಗೂಡಿನೊಳಗಿನ ಹುಳು) ಮತ್ತು ತ್ಯಾಜ್ಯ ಮಾರಿ ಬಂದದ್ದೆಷ್ಟು, ಯಾರಿಗೆ ಮಾರಿದರು, ಹಣ ಎಷ್ಟು ದಿನಕ್ಕೆ ಬಂತು ಎಂದು ಸಂಶೋಧಕರು ಮನೆಮನೆಗೆ ಹೋಗಿ ಕೇಳಿರುತ್ತಾರೆ. ದರಗಳು ಹಳೆಯವು, ಅನುಪಾತಗಳು ಅಷ್ಟು ಬೇಗ ಹಳತಾಗುವುದಿಲ್ಲ. ಕೊನೆಯ ಪುಟದ ಪ್ರಶ್ನಾವಳಿ ಇನ್ನೂ ಬೆಲೆಬಾಳುವಂಥದ್ದು. ಅದನ್ನೇ ತಿದ್ದಿ ಈತ ತನ್ನ ಕೇರಿಯ ರೀಲರುಗಳಿಗೂ, ನೂಲಿನ ವ್ಯಾಪಾರಿಗಳಿಗೂ ಕೇಳಿಕೊಂಡು ಬಂದ.

ಹುಡುಕುವಾಗ ಪದಗಳ ಕಡೆ ಗಮನವಿರಲಿ. ‘ಸಿಲ್ಕ್ ಇಂಡಸ್ಟ್ರಿ’ ಎಂದರೆ ಸೀರೆ ಅಂಗಡಿಗಳ ಜಾಹೀರಾತೇ ಬರುತ್ತದೆ. ರೀಲಿಂಗ್, ಫಿಲೇಚರ್ (ನೂಲು ತೆಗೆಯುವ ಕಾರ್ಖಾನೆ), ಬೈವೋಲ್ಟೈನ್ (ದ್ವಿತಳಿ), ರೆಂಡಿಟ್ಟಾ ಎಂಬ ಕಸುಬಿನ ಪದಗಳನ್ನು ಹಾಕಿದರೆ ಮೊದಲ ಪುಟವೇ ಬದಲಾಗುತ್ತದೆ. ರೆಂಡಿಟ್ಟಾವನ್ನು ಇಂಗ್ಲಿಷಿನಲ್ಲಿ ಒಂದು ಟಿ ಹಾಕಿಯೂ ಎರಡು ಟಿ ಹಾಕಿಯೂ ಬರೆಯುತ್ತಾರೆ, ಎರಡೂ ಪ್ರಯತ್ನಿಸಬೇಕು. ಗ್ರಂಥಾಲಯದ ಕಪಾಟಿನಲ್ಲೂ ಹೀಗೇ: ಡ್ಯೂಯಿ ಪದ್ಧತಿಯಲ್ಲಿ ಹುಳು ಸಾಕಣೆ 638.2, ರೇಷ್ಮೆ ಜವಳಿ 677.39, ಉದ್ಯಮದ ಅರ್ಥಶಾಸ್ತ್ರ 338ರಲ್ಲಿ. ಕೃಷಿ, ತಂತ್ರಜ್ಞಾನ, ಅರ್ಥಶಾಸ್ತ್ರ ಎಂದು ಮೂರು ಮೂಲೆ ಸುತ್ತದೆ ಒಂದು ವಿಷಯ ಪೂರ್ತಿಯಾಗುವುದಿಲ್ಲ. ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ, ಜನ ಐಸೆಕ್ ಎನ್ನುವ ಸಂಸ್ಥೆಯ ಗ್ರಂಥಾಲಯ ಈ ಮೂರನೇ ಮೂಲೆಗೆ ಬೆಂಗಳೂರಿನಲ್ಲಿ ಒಳ್ಳೆಯ ಜಾಗ.

ರೆಂಡಿಟ್ಟಾ ಎಂದರೆ ಒಂದು ಕಿಲೋ ಕಚ್ಚಾ ರೇಷ್ಮೆಗೆ ಬೇಕಾದ ಗೂಡಿನ ಕಿಲೋ. ಯೋಜನಾ ವರದಿಯ ಲಾಭ-ನಷ್ಟ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಗೂಡು 600 ರೂಪಾಯಿ ಎಂದುಕೊಂಡರೆ, ರೆಂಡಿಟ್ಟಾ 6.5 ಇದ್ದಾಗ ಗೂಡಿನ ಖರ್ಚು 3,900. ಅದೇ 7 ಆದರೆ 4,200. ಕಿಲೋ ನೂಲಿಗೆ 300 ರೂಪಾಯಿ ಅಲ್ಲೇ ಹೋಯಿತು. ಸಲಹೆಗಾರರ ವರದಿ ಯಂತ್ರ ತಯಾರಕರ ಕೈಪಿಡಿಯ ಅಂಕಿಯನ್ನು ಹಾಗೇ ಹಾಕಿತ್ತು. ನಾವು ಸಂಶೋಧನಾ ಸಂಸ್ಥೆಯ ಪ್ರಕಟಣೆಗಳಲ್ಲಿನ ಅಂಕಿಯನ್ನೂ, ಪ್ರಬಂಧಗಳಲ್ಲಿ ರೀಲರುಗಳು ಹೇಳಿದ್ದನ್ನೂ, ಅವನ ಅಪ್ಪನ ಲೆಕ್ಕದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟೆವು. ಪ್ರಯೋಗಾಲಯದ್ದು ಎಲ್ಲಕ್ಕಿಂತ ಕಡಿಮೆ, ಅಪ್ಪನದ್ದು ಎಲ್ಲಕ್ಕಿಂತ ಹೆಚ್ಚು. ಅಪ್ಪನದ್ದು ಬೇಸಿನ್ನಿನ ಲೆಕ್ಕ, ಮಿಶ್ರತಳಿಯದು, ಹೆಚ್ಚಿರಲೇಬೇಕು. ವರದಿಯಲ್ಲಿ ಒಂದೇ ಅಂಕಿಯ ಬದಲು ಮೂರು ಮಟ್ಟ ಹಾಕಿದೆವು, ಮೂರಕ್ಕೂ ಬೇರೆ ಬೇರೆ ಲಾಭದ ಲೆಕ್ಕ. ಒಂದರಲ್ಲಿ ನಷ್ಟವೇ ಬಂತು. ಅದನ್ನು ತೆಗೆದುಬಿಡೋಣವೇ ಎಂದ, ಬೇಡ ಎಂದೆ.

ಹೋಲಿಕೆಗೆ ಒಂದು ದೊಡ್ಡ ಸಂಸ್ಥೆಯ ಲೆಕ್ಕಪತ್ರವೂ ಬೇಕಿತ್ತು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ರಾಜ್ಯ ಸರ್ಕಾರದ್ದು. ಮೈಸೂರಿನಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆ, ಟಿ. ನರಸೀಪುರದಲ್ಲಿ ನೂಲು ತೆಗೆಯುವ ಘಟಕ ಎರಡೂ ಅದರ ಕೈಯಲ್ಲಿವೆ. ಸರ್ಕಾರಿ ಕಂಪನಿಯಾದ್ದರಿಂದ ವಾರ್ಷಿಕ ವರದಿ ಶಾಸನಸಭೆಯ ಮುಂದೆ ಬರಬೇಕು, ಲೆಕ್ಕ ಪರಿಶೋಧನೆ ಮಹಾಲೇಖಪಾಲರ ಕಣ್ಣಿಗೂ ಬೀಳುತ್ತದೆ. ಖಾಸಗಿ ರೀಲರ್ ಬಾಯಿ ಬಿಡದ ವಿಷಯಗಳನ್ನು ಅಲ್ಲಿ ಓದಬಹುದು. ಆದರೆ ಅದು ತಾನು ತೆಗೆದ ನೂಲನ್ನು ತಾನೇ ನೇಯುವ ಸಂಸ್ಥೆ, ಇವನದು ನೂಲು ಮಾರಿ ಬದುಕುವ ಘಟಕ. ಖರ್ಚಿನ ಕಡೆ ಹೋಲಿಸಬಹುದು, ಆದಾಯದ ಕಡೆ ಹೋಲಿಸಬಾರದು.

ಚೀನಾ

ಮೂರನೇ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಓದುತ್ತಾ ಹೋದಂತೆ ಅದೇ ಮೊದಲಿಗೆ ಬರಬೇಕಾದ ಪ್ರಶ್ನೆ ಎನಿಸಿತು. ಬೇಸಿನ್ನಿನ ಮಿಶ್ರತಳಿ ನೂಲು ಹೆಚ್ಚಾಗಿ ಹೊಕ್ಕಿಗೆ, ಅಂದರೆ ಬಟ್ಟೆಯ ಅಡ್ಡ ಎಳೆಗೆ ಹೋಗುತ್ತದೆ. ಹಾಸಿನ ಎಳೆಗೆ, ಅಂದರೆ ಉದ್ದ ಎಳೆಗೆ, ಗಟ್ಟಿಯಾದ, ಒಂದೇ ಸಮನಾದ ನೂಲು ಬೇಕು. ಅಲ್ಲಿ ದ್ವಿತಳಿ ಎಆರ್‌ಎಂ ನೂಲಿಗೆ ಎದುರಾಳಿ ಆಮದಾದ ಚೀನಾ ನೂಲು. ಅಂದರೆ ಈ ಯಂತ್ರ ಹಾಕಿದ ದಿನ ಹುಡುಗನ ಪೈಪೋಟಿ ಪಕ್ಕದ ಮನೆಯ ಚರಕದ ಜೊತೆಗೆ ಮುಗಿದು ಆಮದಿನ ಜೊತೆ ಶುರುವಾಗುತ್ತದೆ. ಅವನ ಹಳೆಯ ವರದಿಯಲ್ಲಿ ‘ಪ್ರತಿಸ್ಪರ್ಧಿಗಳು’ ಎಂಬ ತಲೆಬರಹದ ಕೆಳಗೆ ಊರಿನ ಮೂರು ಘಟಕಗಳ ಹೆಸರಿತ್ತು.

ಆಮದನ್ನು ಎಣಿಸುವವರು ಸುಂಕದವರು. ಅಂಕಿ ಕೋಲ್ಕತ್ತದ ವಾಣಿಜ್ಯ ಮಾಹಿತಿ ಮತ್ತು ಅಂಕಿಅಂಶ ಮಹಾನಿರ್ದೇಶನಾಲಯಕ್ಕೆ ಹೋಗಿ, ವಾಣಿಜ್ಯ ಇಲಾಖೆಯ ಆಮದು-ರಫ್ತು ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಸಿಗುತ್ತದೆ. ಹುಡುಕಬೇಕಾದದ್ದು ಅಂತರರಾಷ್ಟ್ರೀಯ ಸರಕು ಸಂಕೇತದ 50ನೇ ಅಧ್ಯಾಯದಲ್ಲಿ: 5001 ಗೂಡು, 5002 ಹುರಿ ಮಾಡದ ಕಚ್ಚಾ ರೇಷ್ಮೆ, 5003 ತ್ಯಾಜ್ಯ, 5004 ರೇಷ್ಮೆ ನೂಲು, 5007 ಬಟ್ಟೆ. 5002 ಮಾತ್ರ ನೋಡಿ ನಿಲ್ಲುವವರಿಗೆ ಅರ್ಧ ಚಿತ್ರ. ಹುರಿ ಮಾಡಿದ ನೂಲಾಗಿ, ಬಟ್ಟೆಯಾಗಿ ಬರುವ ರೇಷ್ಮೆಯೂ ರೀಲರನ ಅನ್ನಕ್ಕೇ ಕೈ ಹಾಕುವುದು. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ತಾಣದಲ್ಲೂ ಇದೇ ಸಂಕೇತಗಳು, ಚೀನಾ ತನ್ನ ಕಡೆಯಿಂದ ಎಷ್ಟು ರಫ್ತು ಮಾಡಿದೆನೆಂದು ಹೇಳಿದ್ದೂ ಅಲ್ಲಿ ಸಿಗುತ್ತದೆ. ಆದರೆ ಅದರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಭಂಡಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಪಕ್ಕಪಕ್ಕ ಇಟ್ಟು ‘ತಾಳೆಯಾಗುತ್ತಿಲ್ಲ, ಕಳ್ಳಸಾಗಣೆ ಇದೆ’ ಎಂದು ತೀರ್ಮಾನಿಸಿದವರನ್ನು ನೋಡಿದ್ದೇನೆ. ತಿಂಗಳವಾರು ಅಂಕಿ ತೆಗೆದು ಒಂದೇ ವರ್ಷಕ್ಕೆ ಹೊಂದಿಸಿದ ಮೇಲೂ ಅಂತರ ಉಳಿದರೆ ಆಗ ಯೋಚಿಸಬೇಕು. ಇದೇ ಭಂಡಾರದಿಂದ ಒಂದು ಸಣ್ಣ ಲಾಭವೂ ಆಯಿತು: 2023-24ರಲ್ಲಿ ದೇಶದಿಂದ 3,348 ಟನ್ ರೇಷ್ಮೆ ತ್ಯಾಜ್ಯ ರಫ್ತಾಗಿದೆ ಎಂಬ ಅಂಕಿ ಸಿಕ್ಕಿ, ವರದಿಯ ಉಪ-ಉತ್ಪನ್ನದ ಸಾಲಿಗೆ ಆಧಾರ ಬಂತು.

ಆಮೇಲೆ ಸುಂಕದ ಇತಿಹಾಸ. ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕ 2011ರ ಬಜೆಟ್‌ನಲ್ಲಿ ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಯಿತು. ರಾಜ್ಯದ ಬೆಳೆಗಾರರು ಪ್ರತಿಭಟನೆಗಿಳಿದರು. 2013ರಲ್ಲಿ 15ಕ್ಕೆ ಏರಿತು, ನಡುವೆ 10ಕ್ಕೆ ಇಳಿದು 2021ರ ಬಜೆಟ್‌ನಲ್ಲಿ ಮತ್ತೆ 15 ಆಯಿತು. ಈ ದಿನಾಂಕಗಳು ಬಜೆಟ್ ದಾಖಲೆಗಳಲ್ಲಿವೆ, ಆದರೆ ಆ ತಿಂಗಳುಗಳಲ್ಲಿ ಮಾರುಕಟ್ಟೆಯಲ್ಲಿ ಏನಾಯಿತು ಎಂಬುದು ಇರುವುದು ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ. ಗ್ರಂಥಾಲಯದ ಬೈಂಡ್ ಮಾಡಿದ ಸಂಪುಟಗಳನ್ನು ತಿರುವಿಯೇ ನೋಡಬೇಕು. ಗೂಡಿನ ದರದ ಸರಣಿಯ ಮೇಲೆ ಸುಂಕ ಬದಲಾದ ದಿನಾಂಕಗಳಿಗೆ ಕೆಂಪು ಗೆರೆ ಎಳೆದೆವು. ದರ ಬರೀ ಸುಂಕದಿಂದ ಕುಣಿಯುವುದಿಲ್ಲ, ಮಳೆ, ರೋಗ, ಮದುವೆ ಸೀಸನ್ ಎಲ್ಲ ಇರುತ್ತವೆ. ಆದರೂ ಬ್ಯಾಂಕಿನವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಒಂದು ಪುಟ ಇರಲಿಲ್ಲ.

ಯಾರೂ ನೋಡದ ಇನ್ನೊಂದು ಮೂಲ ಡಂಪಿಂಗ್ ತಡೆ ತನಿಖೆಗಳ, ಅಂದರೆ ಹೊರದೇಶದ ಸರಕನ್ನು ತೀರಾ ಅಗ್ಗಕ್ಕೆ ತಂದು ಸುರಿಯುತ್ತಿದ್ದಾರೆಯೇ ಎಂದು ನೋಡುವ ತನಿಖೆಗಳ ವರದಿಗಳು. ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಇಂಥ ತನಿಖೆ ನಡೆದಿದೆ. ವಾಣಿಜ್ಯ ಸಚಿವಾಲಯದ ಮಹಾನಿರ್ದೇಶನಾಲಯ ಅದರ ನಿರ್ಣಯಗಳನ್ನು ಪ್ರಕಟಿಸುತ್ತದೆ. ದೇಶೀ ಉದ್ಯಮ ತನಗೆ ಹಾನಿಯಾಗಿದೆ ಎಂದು ತೋರಿಸಬೇಕಾದ್ದರಿಂದ ಬೇಡಿಕೆ, ಆಮದಿನ ಪಾಲು, ಮಾರಾಟ ಬೆಲೆ, ಲಾಭ ಎಲ್ಲವನ್ನೂ ಮಂಡಿಸಿರುತ್ತದೆ. ಓದುವಾಗ ಕೋಷ್ಟಕದ ತುಂಬ ನಕ್ಷತ್ರ ಚಿಹ್ನೆ ಕಂಡು ಈತ ಕಡತವನ್ನೇ ಮುಚ್ಚಿಬಿಟ್ಟಿದ್ದ. ಗೋಪ್ಯ ಅಂಕಿಗಳ ಜಾಗದಲ್ಲಿ ನಕ್ಷತ್ರ ಇರುತ್ತದೆ ನಿಜ, ಅದರ ಕೆಳಗಿನ ಸಾಲಿನಲ್ಲಿ ಮೊದಲ ವರ್ಷವನ್ನು 100 ಎಂದಿಟ್ಟು ಉಳಿದ ವರ್ಷಗಳ ಸೂಚ್ಯಂಕ ಕೊಟ್ಟಿರುತ್ತಾರೆ. ಬೆಲೆ ಎಷ್ಟು ಎಂದು ಗೊತ್ತಾಗದಿದ್ದರೂ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋದೆವು, ಅದಕ್ಕೆ ನನ್ನ ಚಾಳಿ ಕಾರಣ. 1930ರ ದಶಕದಲ್ಲೂ ಚೀನಾ, ಜಪಾನಿನ ಅಗ್ಗದ ರೇಷ್ಮೆಯಿಂದ ಮೈಸೂರಿನ ಬೆಳೆಗಾರರು ತತ್ತರಿಸಿದಾಗ ಅಂದಿನ ಭಾರತೀಯ ಸುಂಕ ಮಂಡಳಿ ವಿಚಾರಣೆ ನಡೆಸಿ 1933ರಲ್ಲಿ ರೇಷ್ಮೆ ಕೈಗಾರಿಕೆಯ ಮೇಲೆ ವರದಿ ಕೊಟ್ಟಿತ್ತು. ಇಂಥ ವರದಿಗಳೂ ಹಳೆಯ ಮೈಸೂರಿನ ಗೆಜೆಟಿಯರುಗಳೂ ಡಿಜಿಟಲ್ ಭಂಡಾರಗಳಲ್ಲಿ, ಹಳೆಯ ಗ್ರಂಥಾಲಯಗಳಲ್ಲಿ ಓದಲು ಸಿಗುತ್ತವೆ. ಸಾಲದ ಅರ್ಜಿಗೆ ಇದರಿಂದ ಕಾಸಿನ ಉಪಯೋಗವಿಲ್ಲ. ಹುಡುಗ ಮಾತ್ರ ಅದನ್ನು ಬಿಡದೆ ಓದಿದ.

ಬ್ಯಾಂಕಿಗೆ ಹೋದದ್ದು

ಹೊಸ ವರದಿಯ ಮಾರುಕಟ್ಟೆ ಅಧ್ಯಾಯ ಹಳೆಯದಕ್ಕಿಂತ ಚಿಕ್ಕದು. ಹಿಂದೆ ಒಂದು ಕೋಷ್ಟಕ ಸೇರಿಸಿದೆವು: ಪ್ರತಿ ಅಂಕಿ, ಎಣಿಸಿದವರು ಯಾರು, ಯಾವ ಅವಧಿಯದು, ಅದರಲ್ಲಿ ಏನು ಸೇರಿಲ್ಲ. ಕೊನೆಯ ಕಾಲಂ ತುಂಬುವುದು ಅವನಿಗೆ ಮೊದಲಿಗೆ ಹಿಡಿಸಲಿಲ್ಲ, ಸಾಲ ಕೇಳುವಾಗ ನಮ್ಮ ಕೊರತೆಯನ್ನು ನಾವೇ ಹೇಳುವುದೇ ಎಂದ. ಚಾಟ್‌ಬಾಟ್ ಒಂದನ್ನು ಕೇಳಿ ತಂದಿದ್ದ ಎರಡು ಚೆಂದದ ಅಂಕಿಗಳು ‘ಎಣಿಸಿದವರು ಯಾರು’ ಎಂಬ ಕಾಲಂ ಮುಂದೆ ಬಿದ್ದುಹೋದವು. ಎಣಿಸಿದವರು ಯಾರೆಂದು ಅದಕ್ಕೂ ಗೊತ್ತಿರಲಿಲ್ಲ.

ಉದ್ರಿಯ ವಿಷಯ ಮಾತ್ರ ಯಾವ ಗ್ರಂಥಾಲಯದಲ್ಲೂ ಪೂರ್ತಿ ಸಿಗಲಿಲ್ಲ. ಗೂಡಿಗೆ ಹಣ ಕೂಡಲೇ ಕಟ್ಟಬೇಕು, ನೂಲಿನ ಹಣ ವ್ಯಾಪಾರಿಯಿಂದ ಬರುವುದು ಅವನು ಕೊಟ್ಟಾಗ. ಈ ನಡುವಿನ ದಿನಗಳಿಗೆ ದುಡಿಯುವ ಬಂಡವಾಳ ಎಷ್ಟು ಬೇಕು ಎಂಬುದನ್ನು ಪ್ರಬಂಧಗಳ ಹಳೆಯ ಕೋಷ್ಟಕ ಮತ್ತು ಅವನೇ ಕೇಳಿ ತಂದ ಉತ್ತರಗಳಿಂದ ಅಂದಾಜಿಸಿ, ಅಂದಾಜು ಎಂದೇ ಬರೆದೆವು.

ಬ್ಯಾಂಕಿನವರು ಕೂರಿಸಿ ಮಾತಾಡಿದ್ದು ಹೆಚ್ಚಾಗಿ ದ್ವಿತಳಿ ಗೂಡಿನ ತಿಂಗಳವಾರು ಪಟ್ಟಿಯ ಮೇಲೆ ಮತ್ತು ನಷ್ಟ ತೋರಿಸಿದ್ದ ಆ ಮೂರನೇ ಲೆಕ್ಕದ ಮೇಲೆ. 400 ಎಂಡ್‌ನ ಬದಲು 200ರಿಂದ ಶುರು ಮಾಡಿದರೆ ಹೇಗೆ ಎಂದು ಕೇಳಿ, ಅದಕ್ಕೊಂದು ಪ್ರತ್ಯೇಕ ಲೆಕ್ಕವನ್ನೂ ಯಂತ್ರದ ಹೊಸ ದರಪಟ್ಟಿಯನ್ನೂ ತರಲು ಹೇಳಿದ್ದಾರೆ. ದರಪಟ್ಟಿ ಬಂದಿದೆ, ಲೆಕ್ಕ ಹಾಕುತ್ತಿದ್ದಾನೆ.